ಒಂದು ಕಿಲೋ ಬಾವಲಿ, ಒಂದು ಕಿಲೋ ಬಾತು

ಪ್ರಶ್ನೆ: ಜನವರಿಯಲ್ಲಿ ಭಿಗವಣಕ್ಕೆ ಹೋಗಿದ್ದೆವು. ದೋಣಿಯವನು ಕೆಂಪು ತಲೆಯ ಬಾತು ತೋರಿಸಿ ‘ಪೋಚರ್ಡ್’ ಅಂದ. ನಮ್ಮ ಸೊಸೈಟಿ ಹಿಂದಿನ ಆಲದ ಮರದಲ್ಲಿ ನೇತಾಡೋ ಬಾವಲಿ ಇದಕ್ಕಿಂತ ಎರಡು ಪಟ್ಟು ದೊಡ್ಡದು ಅಂತ ಮಗಳ ವಾದ. ಹೌದಾ?
— ಓದುಗರೊಬ್ಬರು, ಹಡಪ್ಸರ್, ಪುಣೆ

ಉತ್ತರ: ರೆಕ್ಕೆ ಅಳೆದರೆ ಮಗಳದ್ದೇ ಗೆಲುವು, ಎರಡು ಪಟ್ಟು ಅನ್ನೋದು ಮಾತ್ರ ಸ್ವಲ್ಪ ಜಾಸ್ತಿ. ನಿಮ್ಮ ಮರದಲ್ಲಿರುವುದು ಹಣ್ಣು ತಿನ್ನುವ ದೊಡ್ಡ ಬಾವಲಿ, ಇಲ್ಲಿಯವರ ವಟವಾಘೂಳ. ರೆಕ್ಕೆ ಬಿಚ್ಚಿದರೆ ತುದಿಯಿಂದ ತುದಿಗೆ 1.2 ಮೀಟರ್ ದಾಟುವುದೂ ಉಂಟು. ಪೋಚರ್ಡಿನದು 80 ಸೆಂ.ಮೀ. ಆಸುಪಾಸು. ತಕ್ಕಡಿಗೆ ಹಾಕಿದರೆ ಎರಡೂ ಹೆಚ್ಚುಕಡಿಮೆ ಒಂದು ಕಿಲೋ.

ಮಜಾ ಇರೋದು ಇಲ್ಲೇ. ಅಷ್ಟೇ ಭಾರ, ಗಿಡ್ಡ ರೆಕ್ಕೆ. ಹಾಗಾಗಿ ಪೋಚರ್ಡ್ ಇದ್ದಲ್ಲಿಂದಲೇ ಚಂಗನೆ ಏಳಲಾರದು. ನೀರಿನ ಮೇಲೆ ಪಟಪಟ ಓಡಿ ಓಡಿ ಮೇಲೇಳುತ್ತದೆ. ದೋಣಿ ಹತ್ತಿರ ಹೋದಾಗ ನೋಡಿರಬೇಕು, ಅಲ್ವಾ? ಮುಳುಗಿ ಬೇರು, ಬಸವನಹುಳು ಹೆಕ್ಕುವ ಹಕ್ಕಿ ಅದು. ಕಾಲುಗಳು ಮೈಯ ಹಿಂಭಾಗಕ್ಕೆ ಸರಿದಿವೆ. ನೀರೊಳಗೆ ಒಳ್ಳೆ ಹುಟ್ಟು, ದಡದ ಮೇಲೆ ತಡವರಿಕೆ.

ಬಾವಲಿಗೆ ರೆಕ್ಕೆಯೇನೋ ದೊಡ್ಡದು, ಆದರೆ ಕಾಲು ಕಡ್ಡಿ. ನಮ್ಮ ಬಿಬವೇವಾಡಿಯಲ್ಲಿ ಒಮ್ಮೆ ಗಾಳಿಮಳೆಗೆ ಒಂದು ರಸ್ತೆಗೆ ಬಿದ್ದಿತ್ತು. ಹಾರಲೇ ಇಲ್ಲ. ಹೆಬ್ಬೆರಳಿನ ಕೊಕ್ಕೆಯಂಥ ಉಗುರು ಊರಿ ಊರಿ ಬೇವಿನ ಮರದ ತನಕ ತೆವಳಿತು. ಕಾಂಡ ಹತ್ತಿ, ಟೊಂಗೆ ಸಿಕ್ಕ ಮೇಲೆ ತಲೆಕೆಳಗಾಗಿ ನೇತಾಡಿತು. ಸ್ವಲ್ಪ ಹೊತ್ತು ಬಿಟ್ಟು ಕೈಬಿಟ್ಟಿತು. ಬೀಳುತ್ತಾ ಬೀಳುತ್ತಾ ರೆಕ್ಕೆ ಬಿಚ್ಚಿ ಹೋಯಿತು. ನಾನು ಅರ್ಧ ಗಂಟೆ ನೆನೆಯುತ್ತಾ ನಿಂತಿದ್ದೆ, ಮನೆಯಲ್ಲಿ ಬೈಗುಳ ಬೇರೆ. (ಬಿದ್ದ ಬಾವಲಿಯನ್ನು ಬರಿಗೈಲಿ ಮುಟ್ಟಬೇಡಿ.) ಒಂದಕ್ಕೆ ಓಡಲು ನೀರು ಬೇಕು, ಇನ್ನೊಂದಕ್ಕೆ ಬೀಳಲು ಎತ್ತರ ಬೇಕು.

ಮರಿ ಲೆಕ್ಕದಲ್ಲಿ ಹೋಲಿಕೆಯೇ ಇಲ್ಲ. ಪೋಚರ್ಡ್ ಬೇಸಿಗೆಯಲ್ಲಿ ದೂರದ ಉತ್ತರಕ್ಕೆ ಹೋಗಿ ಎಂಟು-ಹತ್ತು ಮೊಟ್ಟೆ ಇಡುತ್ತದೆ. ಬಾವಲಿಗೆ ಸಾಮಾನ್ಯವಾಗಿ ವರ್ಷಕ್ಕೊಂದೇ ಮರಿ, ಅದನ್ನೂ ಎದೆಗಂಟಿಸಿಕೊಂಡು ಓಡಾಡಬೇಕು.

ಮಗಳಿಗೆ ಇನ್ನೊಂದು ಹೇಳಿ. ಬಾವಲಿಯೂ ನೀರಿಗೆ ಬರುತ್ತದೆ. ಸೆಕೆಗಾಲದಲ್ಲಿ ಕೆರೆ, ಹೊಳೆಯ ಮೇಲೆ ತಗ್ಗಿ ಹಾರಿ, ಹೊಟ್ಟೆ ಒದ್ದೆ ಮಾಡಿಕೊಂಡು ಹೋಗಿ ಮರದಲ್ಲಿ ಕೂದಲು ನೆಕ್ಕಿ ನೀರು ಕುಡಿಯುತ್ತದೆ. ಏಪ್ರಿಲ್ ಸಂಜೆ ಮುಳಾ-ಮುಠಾ ಸೇತುವೆ ಮೇಲೆ ನಿಂತು ನೋಡಿ. ಸೊಳ್ಳೆ ಕಾಟ ಇದೆ, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.