ಹೊಡೆದು ಹೊಡೆದು ಕೈ ಪಳಗುತ್ತಾ?

ಪ್ರಶ್ನೆ: ನನ್ನ ತಮ್ಮ ಮೊದಲ ಸಲ ಒಬ್ಬರ ಮೇಲೆ ಕೈ ಮಾಡಿದಾಗ ಅವನೇ ನಡುಗಿಬಿಟ್ಟಿದ್ದ. ಈಗ ಸಣ್ಣ ಮಾತಿಗೂ ಕೈ ಎತ್ತುತ್ತಾನೆ. ‘ಸಿಟ್ಟು ಒಳಗಿಟ್ಟುಕೊಳ್ಳಬೇಡ, ದಿಂಬಿಗಾದರೂ ಗುದ್ದಿ ಹೊರಗೆ ಹಾಕು’ ಅಂತ ನಾವೇ ಹೇಳಿಕೊಟ್ಟಿದ್ದೆವು. ತಪ್ಪು ಮಾಡಿದೆವಾ?

ಉತ್ತರ: ದಿಂಬಿನ ವಿಷಯದಲ್ಲಿ ತಪ್ಪೇ. ಆದರೆ ನಿಮ್ಮನ್ನು ದೂರುವ ಹಾಗಿಲ್ಲ. ಸಿಟ್ಟು ಅಂದ್ರೆ ಕುಕ್ಕರಿನ ಹಬೆ, ಹೊರಗೆ ಬಿಟ್ಟರೆ ಇಳಿಯುತ್ತೆ ಅಂತ ನಂಬಿಕೊಂಡೇ ನಾವೆಲ್ಲ ಬೆಳೆದವರು. ಮೆದುಳು ಕುಕ್ಕರ್ ಅಲ್ಲ. ಸೈಕಲ್ ತುಳಿಯೋದನ್ನು ಕಲಿತ ಹಾಗೆ ಅದು ಹೊಡೆದಾಟವನ್ನೂ ಕಲಿಯುತ್ತದೆ.

ಇದನ್ನು ಚೆನ್ನಾಗಿ ನೋಡಿರುವುದು ಇಲಿಗಳಲ್ಲಿ. ಒಂದು ಗಂಡಿಲಿಯ ಗೂಡಿಗೆ ಇನ್ನೊಂದು ಗಂಡನ್ನು ಬಿಡುತ್ತಾರೆ. ಮೊದಲ ದಿನ ಗೂಡಿನ ಯಜಮಾನ ಮೂಸುತ್ತದೆ, ಒಂದು ಸುತ್ತು ಬರುತ್ತದೆ, ಹಿಂದೆ ಸರಿಯುತ್ತದೆ, ಆಮೇಲೆ ಯಾವಾಗಲೋ ಬಾಯಿ ಹಾಕುತ್ತದೆ. ದಿನಾ ಗೆಲ್ಲುತ್ತಾ ಹೋದರೆ ಈ ಮೂಸೋದು ಸುತ್ತೋದೆಲ್ಲ ಕಮ್ಮಿಯಾಗುತ್ತಾ ಬಂದು ಕೊನೆಗೆ ಅತಿಥಿ ಕಾಲಿಟ್ಟ ತಕ್ಷಣ ನೇರ ಕಚ್ಚುವುದೇ.

ಒಳಗೆ ಏನಾಗುತ್ತೆ? ಮೆದುಳಿನ ಬುಡದಲ್ಲಿ ಹೈಪೋಥಲಾಮಸ್ ಅಂತ ಒಂದು ಪುಟ್ಟ ಭಾಗವಿದೆ. ಅಲ್ಲಿನ ಒಂದು ಚೂರು ಜಾಗಕ್ಕೂ ದಾಳಿಗೂ ನೇರ ನಂಟು. ಅಮೆರಿಕದ ವಿಜ್ಞಾನ ವಿಶ್ವವಿದ್ಯಾಲಯ ಕ್ಯಾಲ್‌ಟೆಕ್‌ನಲ್ಲಿ ಡೇವಿಡ್ ಆಂಡರ್ಸನ್ ಅವರ ತಂಡ ಇಲಿಗಳ ಆ ಜಾಗದ ನರಕೋಶಗಳನ್ನು ಬೆಳಕು ಹಾಯಿಸಿ ಕೆರಳಿಸಿತು (ಇದು ಪ್ರಕಟವಾದದ್ದು 2011ರಲ್ಲಿ). ಬೆಳಕು ಬಿದ್ದಾಗ ಇಲಿ ಗಾಳಿ ತುಂಬಿದ ಕೈಗವಸಿನ ಮೇಲೂ ಎರಗಿತು! ಕೈಗವಸು ಅದಕ್ಕೆ ಏನು ಮಾಡಿತ್ತು ಪಾಪ.

ಅದೇ ತಂಡ 2020ರಲ್ಲಿ ಇನ್ನೊಂದು ಸಂಗತಿ ತೋರಿಸಿತು. ಅಮಿಗ್ಡಲದ (ಭಯ, ಸಿಟ್ಟಿನಂಥ ಭಾವನೆಗಳಿಗೆ ನಂಟಿರುವ ಮೆದುಳಿನ ಇನ್ನೊಂದು ಭಾಗ) ಕಡೆಯಿಂದ ಈ ಜಾಗಕ್ಕೆ ಬರುವ ನರತಂತುಗಳ ಕೊಂಡಿಗಳು, ಅಂದರೆ ಸಿನಾಪ್ಸ್‌ಗಳು, ಜಗಳದ ಅನುಭವ ಆದ ಹಾಗೆಲ್ಲ ಬಲವಾಗುತ್ತವೆ. ಮೊದಲು ಕೂಗಿ ಕರೆದರೂ ಏಳದ ಕೋಶ ಈಗ ಪಿಸುಮಾತಿಗೇ ಎದ್ದು ನಿಲ್ಲುತ್ತದೆ. ಹೀಗೆ ಕೊಂಡಿ ಬಿಗಿಯಾಗುವುದನ್ನು ಬ್ಲಿಸ್ ಮತ್ತು ಲೋಮೊ ಅನ್ನೋ ವಿಜ್ಞಾನಿಗಳು 1973ರಲ್ಲೇ ಮೊಲದ ಮೆದುಳಿನಲ್ಲಿ ಕಂಡಿದ್ದರು, ನೆನಪು ನಿಲ್ಲುವುದಕ್ಕೂ ಇದೇ ಕಾರಣ ಅಂತ ಪುಸ್ತಕಗಳು ಹೇಳುತ್ತವೆ. ಪಾಠ ಕಲಿಯೋ ಮೆದುಳಿಗೆ ಕಚ್ಚೋದನ್ನು ಕಲಿಯಲು ಬೇರೆ ಉಪಕರಣ ಬೇಕಿಲ್ಲ ಅನ್ನೋದು ನನಗಂತೂ ಸ್ವಲ್ಪ ಭಯ ಹುಟ್ಟಿಸಿದ ವಿಷಯ. ಹಾಗಂತ ಎಲ್ಲ ಗಂಡಿಲಿಗಳೂ ಹೀಗಾಗಲಿಲ್ಲ. ಕೆಲವು ಜಗಳಕ್ಕೇ ಹೋಗದ ಸಾಧುಗಳು, ಅವುಗಳಲ್ಲಿ ಕೊಂಡಿ ಬಿಗಿಯಾಗಲಿಲ್ಲ. ಟೆಸ್ಟೊಸ್ಟೆರೋನ್ ಅನ್ನೋ ಗಂಡು ಹಾರ್ಮೋನು ಕೊಟ್ಟಾಗ ಅವುಗಳಲ್ಲೂ ಆಯಿತು.

ಇನ್ನು ದಿಂಬು. 2002ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ 600 ಕಾಲೇಜು ವಿದ್ಯಾರ್ಥಿಗಳಿಗೆ ಬೇಕಂತಲೇ ಸಿಟ್ಟು ಬರಿಸಿದರು. ವಿದ್ಯಾರ್ಥಿಗಳು ಬರೆದದ್ದನ್ನು ಯಾರೋ ಚೆನ್ನಾಗಿ ಬೈದ ಹಾಗೆ ಮಾಡಿದ್ದು, ಅಷ್ಟೇ. ಕೆಲವರು ಬೈದವರನ್ನೇ ನೆನೆಸಿಕೊಂಡು ಗುದ್ದುಚೀಲಕ್ಕೆ ಗುದ್ದಿದರು. ಕೆಲವರು ಎರಡು ನಿಮಿಷ ಸುಮ್ನೆ ಕೂತರು. ಗುದ್ದಿದವರ ಸಿಟ್ಟೇ ಜಾಸ್ತಿ ಉಳಿಯಿತು, ಆಮೇಲೆ ಅವಕಾಶ ಸಿಕ್ಕಾಗ ಎದುರಿನವರನ್ನು ಹೆಚ್ಚು ಕಾಡಿದವರೂ ಅವರೇ. ಸುಮ್ನೆ ಕೂತವರು ಎಷ್ಟೋ ವಾಸಿ. ನಿಮ್ಮ ತಮ್ಮನಿಗೆ ದಿಂಬು ಬಿಡಿಸಿ, ಆಪ್ತಸಮಾಲೋಚಕರ ಹತ್ತಿರ ಕರೆದುಕೊಂಡು ಹೋಗಿ. ಇಲಿಯ ಲೆಕ್ಕ ಹಾಗೇ ಅವನಿಗೆ ಕೂರುವುದಿಲ್ಲ. ಮನುಷ್ಯನ ಸಿಟ್ಟಿನಲ್ಲಿ ಮಾತು, ಮಾನ, ಹಳೆ ನೆನಪು ಎಲ್ಲ ಕಲಸಿಕೊಂಡಿರುತ್ತದೆ.

ಪ್ರಶ್ನೆ: ಬಿಗಿಯಾದ ಕೊಂಡಿ ಮತ್ತೆ ಸಡಿಲ ಆಗೋದಿಲ್ವಾ?

ಉತ್ತರ: ಆಗುತ್ತೆ. ಮೇಲೆ ಹೇಳಿದ 2020ರ ಪ್ರಯೋಗದಲ್ಲೇ ಬೆಳಕಿನಿಂದ ಆ ಕೊಂಡಿಗಳನ್ನು ದುರ್ಬಲ ಮಾಡಿದಾಗ ಇಲಿಗಳ ದಾಳಿ ಕಮ್ಮಿಯಾಯಿತು. ಮನುಷ್ಯರಿಗೆ ಆ ಬೆಳಕಿನ ಸ್ವಿಚ್ ಇಲ್ಲ, ನಮ್ಮದು ನಿಧಾನದ ದಾರಿ.

ಪ್ರಶ್ನೆ: ಗೆದ್ದವನು ಕೊಬ್ಬುತ್ತಾನೆ ಸರಿ. ಸೋತವನ ಕಥೆ?

ಉತ್ತರ: ಸೋತವನು ಸೋಲುವುದನ್ನು ಕಲಿಯುತ್ತಾನೆ. ಕಾಳಗದಲ್ಲಿ ಸೋತ ಗಂಡು ಜೀರುಂಡೆ (ರಾತ್ರಿ ಜೀರ್ ಅನ್ನುತ್ತಲ್ಲ, ಅದೇ) ಆಮೇಲೆ ಗಂಟೆಗಟ್ಟಲೆ ಎದುರಾಳಿ ಕಂಡರೆ ಸಾಕು, ಜಾರಿಕೊಳ್ಳುತ್ತದೆ. ಚೀನಾದಲ್ಲಿ ಜೀರುಂಡೆ ಕಾಳಗ ಆಡಿಸುವವರಿಗೆ ಇದಕ್ಕೊಂದು ಮದ್ದು ಗೊತ್ತಿತ್ತು. ಸೋತದ್ದನ್ನು ಅಂಗೈಯಲ್ಲಿ ಕುಲುಕಿ ಮೇಲಕ್ಕೆ ಎಸೆಯುತ್ತಿದ್ದರು. ಸುಮ್ನೆ ಮೂಢನಂಬಿಕೆ ಅನ್ನಿಸುತ್ತೆ ಅಲ್ವಾ? 2000ದಲ್ಲಿ ಜರ್ಮನಿಯ ಇಬ್ಬರು ಸಂಶೋಧಕರು ಪರೀಕ್ಷಿಸಿ ನೋಡಿದರು. ಸೋತ ಜೀರುಂಡೆಯನ್ನು ಸ್ವಲ್ಪ ಹೊತ್ತು ಹಾರಿಸಿದರೆ ಸಾಕು, ಇಳಿದು ಬಂದು ಮತ್ತೆ ಕಾದಾಟಕ್ಕೆ ನಿಲ್ಲುತ್ತಿತ್ತು.