ಲ್ಯಾಬ್ ರಿಪೋರ್ಟಿನಲ್ಲಿ ಎಲ್ಲವೂ ಮಿತಿಯೊಳಗೆ ಇದ್ದರೆ ಕೆರೆ ನೀರು ಸೇಫಾ?

ನೀವು ಕೇಳಿರುವುದು ಇಷ್ಟು: ಊರ ಕೆರೆಯ ನೀರನ್ನು ಪರೀಕ್ಷೆಗೆ ಕೊಟ್ಟಿರಿ, ಕೀಟನಾಶಕ, ಲೋಹ, ನೈಟ್ರೇಟ್ ಎಲ್ಲವೂ ಮಿತಿಯೊಳಗೇ ಬಂದಿವೆ. ಆದರೆ ಇವೆಲ್ಲ ಒಂದೇ ನೀರಿನಲ್ಲಿ ಇದ್ದರೆ ಮೀನಿಗೆ, ನಮಗೆ ತೊಂದರೆ ಇಲ್ವಾ?

ಆ ರಿಪೋರ್ಟ್ ಒಂದನ್ನೇ ನೋಡಿ ತೊಂದರೆ ಇಲ್ಲ ಎನ್ನಲಾಗದು. ನಾನು ನೀರು ಪರೀಕ್ಷೆಯ ಲ್ಯಾಬಿನಲ್ಲೇ ಕೆಲಸ ಮಾಡುತ್ತೇನೆ. ನಾವು ಒಂದೊಂದನ್ನೂ ಬೇರೆಯಾಗಿ ಅಳೆದು, ಅದರದರ ಮಿತಿಯ ಪಕ್ಕ ಬರೆದು ಕೊಡುತ್ತೇವೆ. ಮೀನಿನ ಕಿವಿರಿಗೆ ಮಾತ್ರ ಎಲ್ಲವೂ ಒಟ್ಟಿಗೇ ಹೋಗುತ್ತವೆ.

ಜನ ಜಾಸ್ತಿ ಹೆದರುವುದು, ಎರಡು ವಿಷ ಸೇರಿ ಹತ್ತು ಪಟ್ಟು ಘೋರವಾಗಿಬಿಡುತ್ತದೆ ಅಂತ. ಹಾಗೆ ಆಗುವುದುಂಟು, ಆದರೆ ಅಪರೂಪ. ಡೆನ್ಮಾರ್ಕಿನ ವಿಜ್ಞಾನಿ ನೀನಾ ಸೆಡರ್‌ಗ್ರೀನ್ 2014ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟುಮಾಡಿ ನೋಡಿದರು. ಕೀಟನಾಶಕಗಳ 194 ಜೋಡಿಗಳಲ್ಲಿ ಹೀಗೆ ಒಂದು ಇನ್ನೊಂದರ ಬಲ ಹೆಚ್ಚಿಸಿದ್ದು ಸುಮಾರು 7 ಶೇಕಡಾದಲ್ಲಿ ಮಾತ್ರ. ಅವುಗಳಲ್ಲೂ ಬಹುಪಾಲು ಜೋಡಿಗಳಲ್ಲಿ ಒಂದು ಕಡೆ ಮೆಲಾಥಿಯಾನ್ ತರಹದ ಕೀಟನಾಶಕ, ಇಲ್ಲವೇ ಪ್ರೊಪಿಕೊನಜೋಲ್ ತರಹದ ಶಿಲೀಂಧ್ರನಾಶಕ ಇತ್ತು. ವಿಷವನ್ನು ಒಡೆದು ಹೊರಹಾಕುವ ಕಿಣ್ವಗಳನ್ನೇ ಇವು ಕಟ್ಟಿಹಾಕುತ್ತವೆ. ಆಮೇಲೆ ಜೊತೆಗಿರುವ ಇನ್ನೊಂದು ವಿಷ ದೇಹದಲ್ಲೇ ಉಳಿದು ಕೆಲಸ ಮಾಡುತ್ತದೆ. ಅಮೆರಿಕದಲ್ಲಿ ಸಾಲ್ಮನ್ ಮರಿಗಳ ಮೇಲೆ ಮಾಡಿದ ಪ್ರಯೋಗ 2009ರಲ್ಲಿ ಪ್ರಕಟವಾಯಿತು. ಡಯಾಜಿನಾನ್ ಮತ್ತು ಮೆಲಾಥಿಯಾನ್ ಎಂಬ ಎರಡು ಕೀಟನಾಶಕ ಸೇರಿದಾಗ, ಒಂಟಿಯಾಗಿದ್ದರೆ ಸಾಯಬಾರದ ಪ್ರಮಾಣದಲ್ಲೇ ಮೀನುಗಳು ಸತ್ತವು. ನಿಮ್ಮ ಕೆರೆಯ ಮೇಲ್ಭಾಗದಲ್ಲಿ ಇಂಥ ಔಷಧಿಗಳನ್ನು ಹೊಡೆಯುತ್ತಿದ್ದರೆ ನೀವು ಗಮನಿಸಬೇಕು.

ನನ್ನನ್ನು ಜಾಸ್ತಿ ಕಾಡುವುದು ಅದಲ್ಲ, ಸರಳ ಕೂಡಿಕೆ. ಒಬ್ಬರು ತಳ್ಳಿದರೆ ಅಲ್ಲಾಡದ ಜೀಪು ಎಂಟು ಜನ ಕೈಹಚ್ಚಿದರೆ ಹೊರಡುತ್ತದಲ್ಲ, ಹಾಗೆ. ಲಂಡನ್ನಿನಲ್ಲಿ ಆಂಡ್ರಿಯಾಸ್ ಕೊರ್ಟೆನ್‌ಕಾಂಪ್ ಅವರ ತಂಡ 2002ರಲ್ಲಿ ಇದನ್ನೇ ತೋರಿಸಿತು. ಹೆಣ್ಣು ಹಾರ್ಮೋನಿನಂತೆ ವರ್ತಿಸುವ ಎಂಟು ದುರ್ಬಲ ರಾಸಾಯನಿಕಗಳನ್ನು ತೆಗೆದುಕೊಂಡರು. ಪ್ರತಿಯೊಂದನ್ನೂ ಒಂಟಿಯಾಗಿ ಪರಿಣಾಮವೇ ಕಾಣದಷ್ಟು ಕಡಿಮೆ ಹಾಕಿದರು. ಎಂಟೂ ಸೇರಿದಾಗ ಪರಿಣಾಮ ಚೆನ್ನಾಗಿಯೇ ಕಂಡಿತು.

ಈ ಕೂಡಿಕೆಯನ್ನು ಮನೆಯಲ್ಲೇ ಲೆಕ್ಕ ಹಾಕಬಹುದು. ಒಂದೇ ರೀತಿ ಕೆಲಸ ಮಾಡುವ ವಸ್ತುಗಳನ್ನು ಒಟ್ಟಿಗಿಡಿ. ಪ್ರತಿಯೊಂದರ ಅಳತೆಯನ್ನು ಅದರ ಮಿತಿಯಿಂದ ಭಾಗಿಸಿ, ಬಂದದ್ದನ್ನು ಕೂಡಿ. ಮೊತ್ತ 1 ದಾಟಬಾರದು. ನೈಟ್ರೇಟ್, ನೈಟ್ರೈಟ್ ಎರಡೂ ರಕ್ತದ ಆಮ್ಲಜನಕ ಸಾಗಿಸುವ ಶಕ್ತಿಯನ್ನು ಕುಗ್ಗಿಸುತ್ತವೆ, ಹಸುಗೂಸುಗಳಿಗೆ ಅಪಾಯ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆಯ ಮಿತಿ ಲೀಟರಿಗೆ ನೈಟ್ರೇಟ್ 50, ನೈಟ್ರೈಟ್ 3 ಮಿಲಿಗ್ರಾಂ. ನಿಮ್ಮ ನೀರಿನಲ್ಲಿ 30 ಮತ್ತು 1.5 ಇದೆ ಅಂದುಕೊಳ್ಳಿ. 0.6 ಮತ್ತು 0.5, ಕೂಡಿದರೆ 1.1. ಒಂದೊಂದೂ ಪಾಸು, ಎರಡೂ ಸೇರಿ ಫೇಲು! ಈ ಕೂಡುವ ಲೆಕ್ಕವನ್ನು ಆ ಸಂಸ್ಥೆಯೇ ಹೇಳಿದೆ. ಯೂರೋಪಿನಲ್ಲಿ ಕುಡಿಯುವ ನೀರಿಗೆ ಒಂದು ಕೀಟನಾಶಕ ಲೀಟರಿಗೆ 0.1 ಮೈಕ್ರೋಗ್ರಾಂ ದಾಟಬಾರದು, ಜೊತೆಗೆ ಎಲ್ಲವೂ ಸೇರಿ 0.5 ದಾಟಬಾರದು.

ಎಲ್ಲವೂ ಕೂಡಿಕೊಳ್ಳುತ್ತವೆ ಅಂತಲೂ ಅಲ್ಲ. ಗಡಸು ನೀರಿನಲ್ಲಿ ತಾಮ್ರ, ಸತುವಿನ ವಿಷ ಮೀನಿಗೆ ಕಡಿಮೆ ತಟ್ಟುತ್ತದೆ.

ಇನ್ನೊಂದು ದಾರಿ, ನೀರನ್ನು ಇದ್ದಹಾಗೇ ಮೀನಿಗೆ ಕೊಟ್ಟು ನೋಡುವುದು. ನಮ್ಮ ದೇಶದ ತ್ಯಾಜ್ಯನೀರಿನ ನಿಯಮದಲ್ಲೇ ಇದಿದೆ: ಬೇರೇನೂ ಬೆರೆಸದ ತ್ಯಾಜ್ಯನೀರಿನಲ್ಲಿ 96 ಗಂಟೆ ಬಿಟ್ಟ ಮೀನುಗಳಲ್ಲಿ 90 ಶೇಕಡಾ ಬದುಕಿರಬೇಕು. ಹೆಸರು ಗೊತ್ತಿಲ್ಲದ ರಾಸಾಯನಿಕಗಳೂ ಲೆಕ್ಕಕ್ಕೆ ಬಂದುಬಿಡುವುದರಿಂದ ನನಗೆ ಇದು ಬಹಳ ಇಷ್ಟದ ಪರೀಕ್ಷೆ. ಆದರೆ ನಾಲ್ಕು ದಿನ ಬದುಕಿದ ಮೀನು ಮೊಟ್ಟೆ ಇಡುತ್ತದೋ ಇಲ್ಲವೋ ಇದರಲ್ಲಿ ತಿಳಿಯುವುದಿಲ್ಲ.

ನೀವೀಗ ಮಾಡಬೇಕಾದ್ದು: ಲ್ಯಾಬಿಗೆ ಫೋನ್ ಮಾಡಿ, ಯಾವ ಯಾವ ಕೀಟನಾಶಕ ಹುಡುಕಿದಿರಿ ಎಂದು ಪಟ್ಟಿ ಕೇಳಿ. ಪಟ್ಟಿಯಲ್ಲಿ ಇಲ್ಲದ್ದು ರಿಪೋರ್ಟಿನಲ್ಲೂ ಬರುವುದಿಲ್ಲ. ಸುತ್ತಲಿನ ಹೊಲಗಳಲ್ಲಿ ಹೊಡೆಯುವ ಔಷಧಿಗಳ ಹೆಸರು ಬರೆದು ಕೊಡಿ. ಸ್ಯಾಂಪಲ್ಲನ್ನು ಬೇಸಿಗೆಯಲ್ಲಿ ತೆಗೆದಿದ್ದರೆ, ಔಷಧಿ ಹೊಡೆದ ಮೇಲೆ ಬರುವ ಮೊದಲ ಜೋರು ಮಳೆಯ ನಂತರ ಇನ್ನೊಮ್ಮೆ ತೆಗೆಸಿ. ಅಲ್ಲಿಯವರೆಗೆ ಆ ನೀರನ್ನು ಕಂದಮ್ಮಗಳಿಗೆ ಕೊಡಬೇಡಿ. ಕುದಿಸಿದರೆ ಸಾಕು ಅಂತ ಸುಮ್ನೆ ಇರಬೇಡಿ, ನೀರು ಆವಿಯಾದಷ್ಟೂ ನೈಟ್ರೇಟ್ ಗಟ್ಟಿಯಾಗುತ್ತದೆ.