ಸಿನಿಮಾ ಸಂದೇಹ: ಕಟ್ ಎಲ್ಲಿ, ಡಿಸಾಲ್ವ್ ಎಲ್ಲಿ?

ಪ್ರಶ್ನೆ: ಗೆಳೆಯರೆಲ್ಲ ಸೇರಿ ಮೊಬೈಲಿನಲ್ಲೇ ಒಂದು ಕಿರುಚಿತ್ರ ಮಾಡಿದ್ದೇವೆ. ಎಡಿಟಿಂಗ್ ಆ್ಯಪ್‌ನಲ್ಲಿ ಸಿಗುವ, ಒಂದು ತುಣುಕಿನಿಂದ ಇನ್ನೊಂದಕ್ಕೆ ದಾಟಿಸುವ ಟ್ರಾನ್ಸಿಷನ್‌ಗಳನ್ನು ಬಳಸಿದೆವು; ನೋಡಿದವರು ‘ಮದುವೆ ವಿಡಿಯೊ ಇದ್ದ ಹಾಗಿದೆ’ ಎಂದರು. ಅವನ್ನು ತೆಗೆದುಹಾಕಿದರೆ ತಾಯಿ ಮತ್ತು ಮಗ ಎದುರುಬದುರು ಕುಳಿತು ಮಾತನಾಡುವ ದೃಶ್ಯ ಎಡವಿದಂತೆ ಕಾಣುತ್ತದೆ. ಯಾವುದನ್ನು ಎಲ್ಲಿ ಬಳಸಬೇಕು?
– ಓದುಗರು, ತೀರ್ಥಹಳ್ಳಿ

ಉತ್ತರ: ಟ್ರಾನ್ಸಿಷನ್ ತೆಗೆದ ಕೂಡಲೇ ದೃಶ್ಯ ಎಡವುತ್ತದೆ ಎಂದರೆ, ತೊಂದರೆ ಶಾಟ್‌ಗಳನ್ನು ತೆಗೆದ ರೀತಿಯಲ್ಲೇ ಇದ್ದು, ಅದನ್ನು ಇಷ್ಟು ದಿನ ಟ್ರಾನ್ಸಿಷನ್ ಮುಚ್ಚಿಟ್ಟಿತ್ತು ಎಂದೇ ಅರ್ಥ. ಹಾಗಾಗಿ ಮೊದಲು ಎರಡು ಸಂಗತಿಗಳನ್ನು ಪರೀಕ್ಷಿಸಿ. ತಾಯಿಯಿಂದ ಮಗನವರೆಗೆ ನೆಲದ ಮೇಲೊಂದು ಗೆರೆ ಎಳೆದಿದೆಯೆಂದು ಭಾವಿಸಿದರೆ, ಕ್ಯಾಮೆರಾ ಆ ಗೆರೆಯ ಒಂದೇ ಮಗ್ಗುಲಲ್ಲಿ ಇರಬೇಕು. ಇದನ್ನೇ 180 ಡಿಗ್ರಿ ನಿಯಮ ಎನ್ನುತ್ತಾರೆ. ಗೆರೆ ದಾಟಿದರೆ ಇಬ್ಬರೂ ಪರದೆಯ ಒಂದೇ ದಿಕ್ಕಿಗೆ ಮುಖ ಮಾಡಿದಂತಾಗಿ, ಅವರು ಮೂರನೆಯವರೊಂದಿಗೆ ಮಾತನಾಡುತ್ತಿದ್ದಾರೆಂಬ ಭ್ರಮೆ ಹುಟ್ಟುತ್ತದೆ. ಇನ್ನೊಂದು, ಒಬ್ಬರದೇ ಎರಡು ಶಾಟ್‌ಗಳನ್ನು ಬೆನ್ನುಬೆನ್ನಿಗೆ ಇಡುವಾಗ ಕ್ಯಾಮೆರಾದ ಕೋನ ಕನಿಷ್ಠ 30 ಡಿಗ್ರಿಯಾದರೂ ಬದಲಾಗಿರಬೇಕು, ಸೊಂಟದಿಂದ ಮೇಲೆ ಕಾಣುವ ಮಿಡ್ ಶಾಟಿನಿಂದ ಮುಖವಷ್ಟೇ ಕಾಣುವ ಕ್ಲೋಸಪ್‌ಗೆ ಹೋದಂತೆ ಗಾತ್ರವೂ ಸ್ಪಷ್ಟವಾಗಿ ಬದಲಾದರೆ ಇನ್ನೂ ಒಳ್ಳೆಯದು. ಇಲ್ಲವಾದರೆ ವ್ಯಕ್ತಿ ಕುಳಿತಲ್ಲೇ ಜಿಗಿದಂತೆ ಕಾಣುತ್ತದೆ. 1960ರಲ್ಲಿ ಫ್ರೆಂಚ್ ನಿರ್ದೇಶಕ ಗೊದಾರ್ ‘ಬ್ರೆತ್‌ಲೆಸ್’ ಚಿತ್ರದಲ್ಲಿ ಇಂಥ ಜಂಪ್ ಕಟ್‌ಗಳನ್ನು ಬೇಕೆಂದೇ ಉಳಿಸಿಕೊಂಡದ್ದು ನಿಜ, ಆದರೆ ಅಲ್ಲಿ ಇಡೀ ಚಿತ್ರದ ನಡಿಗೆಯೇ ಹಾಗಿದೆ.

ಮತ್ತೆ ಚಿತ್ರೀಕರಿಸಲು ಆಗದಿದ್ದರೆ, ಕೇಳಿಸಿಕೊಳ್ಳುತ್ತಿರುವವರ ಮುಖವೇ ನಿಮಗೆ ಆಸರೆ. ಮಗನ ಮಾತು ಮುಂದುವರಿಯುತ್ತಿರುವಂತೆಯೇ ಚಿತ್ರ ತಾಯಿಯ ಮುಖಕ್ಕೆ ಕಟ್ ಆಗಲಿ, ಅಥವಾ ತಾಯಿಯ ದನಿ ಅವಳ ಮುಖಕ್ಕಿಂತ ಅರೆ ಕ್ಷಣ ಮೊದಲೇ ಕೇಳಿಸಲಿ. ಸಂಕಲನಕಾರರು ಎಲ್ ಕಟ್, ಜೆ ಕಟ್ ಎನ್ನುವುದು ಇವನ್ನೇ. ಧ್ವನಿ ಮತ್ತು ಚಿತ್ರ ಒಂದೇ ಜಾಗದಲ್ಲಿ ತುಂಡಾಗದಿದ್ದಾಗ ಕಟ್ ಇದ್ದದ್ದೇ ನೋಡುಗರ ಗಮನಕ್ಕೆ ಬರುವುದಿಲ್ಲ. ತಾಯಿಯ ಮುಖದಲ್ಲಿ ಅಂಥ ಭಾವವೇನೂ ಇಲ್ಲವಲ್ಲ ಎಂದು ಅಳುಕಬೇಡಿ. ರಷ್ಯಾದ ನಿರ್ದೇಶಕ ಕುಲೆಶೋವ್ ಸುಮಾರು ನೂರು ವರ್ಷಗಳ ಹಿಂದೆ ನಟನೊಬ್ಬನ ಒಂದೇ ನಿರ್ಭಾವ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮುಂತಾದ ಬೇರೆ ಬೇರೆ ಶಾಟ್‌ಗಳ ಜೊತೆ ಜೋಡಿಸಿ ತೋರಿಸಿದಾಗ, ನೋಡಿದವರು ಅದರಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ. ಮಗ ಆಡಿದ ಮಾತಿನ ಪಕ್ಕದಲ್ಲಿ ನಿಂತಾಗ ಆ ಸುಮ್ಮನಿರುವ ಮುಖ ತಾನಾಗಿಯೇ ಅರ್ಥ ಪಡೆಯುತ್ತದೆ.

ಇನ್ನು ಟ್ರಾನ್ಸಿಷನ್ ವಿಷಯ. ನೇರ ಕಟ್ ‘ಅದೇ ಹೊತ್ತು, ಮುಂದೇನು’ ಎಂದು ಹೇಳಿದರೆ, ಒಂದು ಚಿತ್ರ ಕರಗಿ ಇನ್ನೊಂದು ಮೂಡುವ ಡಿಸಾಲ್ವ್ ಸಾಮಾನ್ಯವಾಗಿ ಕಾಲ ಸರಿಯಿತೆಂದು ಸೂಚಿಸುತ್ತದೆ. ಪರದೆ ಪೂರ್ತಿ ಕಪ್ಪಾಗುವ ಫೇಡ್ ಕಥೆಯ ಒಂದು ಅಧ್ಯಾಯವನ್ನು ಮುಗಿಸುತ್ತದೆ. ಹೊಸ ಚಿತ್ರ ಪರದೆಯ ಒಂದು ಬದಿಯಿಂದ ಹಳೆಯದನ್ನು ಒರೆಸಿಕೊಂಡು ಬರುವ ವೈಪ್ ತನ್ನತ್ತ ತಾನೇ ಕಣ್ಣು ಸೆಳೆಯುವಂಥದ್ದು, ಜಪಾನಿನ ನಿರ್ದೇಶಕ ಕುರೊಸಾವಾ ಅದನ್ನು ಸೊಗಸಾಗಿ ಬಳಸಿದ್ದಾರೆಂಬುದು ನಮಗೆಲ್ಲ ಪರವಾನಗಿಯಲ್ಲ. ಫಿಲ್ಮಿನ ಕಾಲದಲ್ಲಿ ಡಿಸಾಲ್ವ್ ಬೇಕೆಂದರೆ ಲ್ಯಾಬಿಗೆ ಕಳುಹಿಸಿ, ಆಪ್ಟಿಕಲ್ ಪ್ರಿಂಟರಿನಲ್ಲಿ ಮಾಡಿಸಿ, ಹಣ ತೆತ್ತು ಕಾಯಬೇಕಿತ್ತು. ಆ ಖರ್ಚೇ ಯೋಚಿಸುವಂತೆ ಮಾಡುತ್ತಿತ್ತು. 1962ರ ‘ಲಾರೆನ್ಸ್ ಆಫ್ ಅರೇಬಿಯಾ’ದಲ್ಲಿ ಉರಿಯುವ ಬೆಂಕಿಕಡ್ಡಿಯನ್ನು ನಾಯಕ ಊದಿ ಆರಿಸುತ್ತಾನೆ, ಮರುಕ್ಷಣ ಮರುಭೂಮಿಯ ಸೂರ್ಯೋದಯ. ಅಲ್ಲಿ ಮೊದಲು ಡಿಸಾಲ್ವ್ ಇಡುವ ಯೋಜನೆಯಿತ್ತು. ಅದಿನ್ನೂ ಸೇರಿರದ ಪ್ರತಿಯಲ್ಲಿ ಎರಡು ಶಾಟ್‌ಗಳು ನೇರವಾಗಿ ತಾಗಿದ್ದನ್ನು ಕಂಡ ಸಂಕಲನಕಾರ್ತಿ ಆ್ಯನ್ ಕೋಟ್ಸ್ ಮತ್ತು ನಿರ್ದೇಶಕ ಡೇವಿಡ್ ಲೀನ್ ಅದನ್ನೇ ಉಳಿಸಿಕೊಂಡರು.

ಸದ್ಯಕ್ಕೆ ಎಲ್ಲ ಟ್ರಾನ್ಸಿಷನ್‌ಗಳನ್ನೂ ಅಳಿಸಿ, ಕಥೆ ಗೊತ್ತಿಲ್ಲದ ಒಬ್ಬರಿಗೆ ಚಿತ್ರ ತೋರಿಸಿ. ‘ಇದು ಯಾವಾಗ ನಡೆದದ್ದು’ ಎಂದು ಅವರು ಕೇಳಿದ ಜಾಗದಲ್ಲಿ ಮಾತ್ರ ಒಂದು ಸೆಕೆಂಡಿನ ಡಿಸಾಲ್ವ್ ಹಾಕಿ ನೋಡಿ. ಪುಟ ಮಗುಚುವ, ಗಿರಗಿರನೆ ತಿರುಗುವ ಬಗೆಗಳು ಕಥಾಚಿತ್ರಕ್ಕೆ ಬೇಡವೇ ಬೇಡ.